ಗುರುವಾರ ಯಾರ ಪಾಳಿ

ಮಗನ ಮುಖ ನೋಡಬೇಕಾದರೆ ನಾನು ಗುರುತಿನ ಚೀಟಿ ಒತ್ತೆ ಇಡಬೇಕು. ಹಾಸ್ಟೆಲ್ಲಿನ ಬಾಗಿಲು ದಾಟಿದ ಕೂಡಲೇ ಒಂದು ಮೇಜು, ಮೇಜಿನ ಹಿಂದೆ ಉಣ್ಣೆ ಹೆಣೆಯುತ್ತ ಕೂತ ಮುದುಕಿ. ಒಂದು ವರ್ಷದಿಂದ ವಾರಕ್ಕೆ ನಾಲ್ಕು ಸಲ ನನ್ನ ಮುಖ ನೋಡುತ್ತಿದ್ದಾಳೆ. ಆದರೂ ಪ್ರತಿ ಸಲ ಕೈ ಚಾಚುತ್ತಾಳೆ.

“ಚೀಟಿ.”

“ಅಜ್ಜಿ, ನಾನು ಕಣಜ್ಜಿ. ಗ್ರಾತ್ಸಿಯಾನ್. ಕೊಸ್ತೆಕ್‌ನ ಅಪ್ಪ.”

“ಪೋಪ್ ಬಂದ್ರೂ ಚೀಟಿ ಇಡ್ಲೇಬೇಕು. ಹತ್ತು ಗಂಟೆಗೆ ಹೊರಗೆ. ಹೋದ ಸಲದ ಥರ ನಿನ್ನ ಹೊರಡಿಸೋಕೆ ನನ್ನ ಮೆಟ್ಟಿಲು ಹತ್ತಿಸ್ಬೇಡ, ಮಂಡಿ ನೋವು.”

ಮೂರನೇ ಮಹಡಿ ಪೂರ್ತಿ ಮಗು ಕಟ್ಟಿಕೊಂಡು ಓದುವವರದು. ನನ್ನ ಯಾಗೊಡಾ ಅಲ್ಲಿದ್ದಾಳೆ, ಎರಡು ವರ್ಷದ ಕೊಸ್ತೆಕ್ ಅಲ್ಲಿದ್ದಾನೆ. ಅವಳು ಪಶುವೈದ್ಯ ಓದುತ್ತಾಳೆ. ನಾನು ಟೈರ್ ಬಿಚ್ಚುತ್ತೇನೆ, ಲೂಬ್ಲಿನ್ ಊರಿನ ಆ ಕೊನೆಯಲ್ಲಿ ಅಮ್ಮನ ಮನೆಯಲ್ಲಿ ಮಲಗುತ್ತೇನೆ. ವಿದ್ಯಾರ್ಥಿಯಲ್ಲದ ಗಂಡಸು ಆ ಮಹಡಿಯಲ್ಲಿ ಉಳಿಯಬೇಕಾದರೆ ಮದುವೆಯ ಕಾಗದ ತೋರಿಸಬೇಕು. ಆ ಕಾಗದದ ಮಾತೆತ್ತಿದರೆ ಯಾಗೊಡಾ, “ಅನಾಟಮಿ ಒಂದು ಮುಗೀಲಿ” ಅನ್ನುತ್ತಾಳೆ. ಕುದುರೆಯ ಮೂಳೆ, ಹಸುವಿನ ಮೂಳೆ, ಎಲ್ಲ ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳುವ ಪರೀಕ್ಷೆ ಅದು. ಸೆಪ್ಟೆಂಬರಿನಲ್ಲಿ ಮುಗಿಯಬೇಕಿತ್ತು. ಆಗ ಕೊಸ್ತೆಕ್‌ಗೆ ಸೀತಾಳೆ ಸಿಡುಬು ಎದ್ದಿತು. ನನಗೂ ಅವಳಿಗೂ ನಡುವೆ ಒಂದು ಸತ್ತ ಕುದುರೆ ಅಡ್ಡ ಬಿದ್ದಿದೆ.

ಅವರಿಗೆ ಏನೇನು ಕೊಟ್ಟಿದ್ದಾರೆ ಕೇಳಿ. ಲೈಬ್ರರಿಯಲ್ಲಿ ಮಕ್ಕಳಿಗೆ ಅಂತ ಒಂದು ಕೋಣೆ, ಗಾಜಿನ ಗೋಡೆ, ಈಚೆ ಓದುತ್ತ ಆಚೆ ಮಗುವನ್ನು ನೋಡಬಹುದು. ಕಾಲೇಜಿನ ಬೆನ್ನಿಗೇ ಶಿಶುವಿಹಾರ. ಪರೀಕ್ಷೆಯ ದಿನ ಮಗುವಿಗೆ ಜ್ವರ ಬಂದರೆ ಅವರಿಗೆ ಮಾತ್ರ ಬೇರೆ ದಿನ. ಪರೀಕ್ಷೆಯ ಮೇಜಿನ ಮೇಲೆ ಫೋನ್ ಇಟ್ಟುಕೊಳ್ಳಲು ಅವರಿಗೆ ಮಾತ್ರ ಅಪ್ಪಣೆ, ಶಿಶುವಿಹಾರದಿಂದ ಕರೆ ಬಂದರೆ ಅಂತ. ಮನಸ್ಸು ಕೆಟ್ಟರೆ ಕೇಳುವುದಕ್ಕೂ ಒಬ್ಬಳು ಇದ್ದಾಳೆ. ನಾನು ಹದಿನಾರಕ್ಕೆ ಶಾಲೆ ಬಿಟ್ಟೆ. ಯಾಕಪ್ಪಾ ಬಿಟ್ಟೆ ಅಂತ ಒಂದು ನಾಯಿಯೂ ಕೇಳಲಿಲ್ಲ.

ಒಂದು ದಿನ ಇದನ್ನೆಲ್ಲ ಕೊಡುವ ಕಾಲೇಜಿನ ನೆರವಿನ ಕಚೇರಿಗೆ ನಾನೇ ಹೋದೆ. ಉಗುರಿನ ಗ್ರೀಸನ್ನು ಬ್ರಷ್ಷಿನಿಂದ ಉಜ್ಜಿಕೊಂಡು ಹೋಗಿದ್ದೆ.

“ನೀವು ಯಾವ ವಿಭಾಗ?” ಅಂದಳು ಅಲ್ಲಿದ್ದವಳು.

“ಟೈರ್ ವಿಭಾಗ.”

ಅವಳು ನಗಲಿಲ್ಲ. “ಅಂದ್ರೆ ನಮ್ಮ ವಿದ್ಯಾರ್ಥಿ ಅಲ್ಲ.”

“ಅಲ್ಲ. ಮಗುವಿನ ಅಪ್ಪ. ಅಪ್ಪಂದಿರಿಗೆ ಇಲ್ಲಿ ಏನೂ ಇಲ್ವಾ?”

“ಇದೆಯಲ್ಲ, ಧಾರಾಳವಾಗಿ ಇದೆ. ಓದೋ ಅಪ್ಪಂದಿರಿಗೆ.”

ಓದುವ ಅಪ್ಪ ಅಂದರೆ ಕ್ಸಾವೆರಿ. ಇಡೀ ಮಹಡಿಗೆ ಅವನೊಬ್ಬನೇ ಗಂಡು. ಮೂರನೇ ವರ್ಷದ ಪಶುವೈದ್ಯ. ಹೆಂಡತಿ ನಾರ್ವೆಯ ಮೀನಿನ ಕಾರ್ಖಾನೆಗೆ ಹೋದವಳು ಅಲ್ಲೇ ಉಳಿದಳಂತೆ, ಮಗಳು ಕ್ಲಾರಾ ಇವನ ಹತ್ತಿರ. ಉದ್ದ ಬೆರಳು, ಮೆತ್ತಗಿನ ಮಾತು. ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಎಲ್ಲರ ಮಕ್ಕಳಿಗೂ ಸಾರು ಬಡಿಸುತ್ತಾನೆ. ಮಹಡಿಯ ಹೆಂಗಸರೆಲ್ಲ “ಕ್ಸಾವೆರಿ, ಈ ಡಬ್ಬಿ ಮುಚ್ಚಳ ತೆಗೀತೀಯಾ?” “ಕ್ಸಾವೆರಿ, ಇವನ ಗಂಟಲು ಸ್ವಲ್ಪ ನೋಡ್ತೀಯಾ?” ಅಂತ ಅವನ ಸುತ್ತ. ದನದ ಡಾಕ್ಟರ್ ಆಗುವವನ ಹತ್ತಿರ ಮಗುವಿನ ಗಂಟಲು ತೋರಿಸುವುದೇನು, ನನಗೆ ತಿಳಿಯದು.

ಆ ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದೆ. ಐದು ಮಕ್ಕಳು, ಐದು ದಿನ. ದಿನಕ್ಕೊಬ್ಬರು ಶಿಶುವಿಹಾರಕ್ಕೆ ಹೋಗಿ ಐದೂ ಮಕ್ಕಳನ್ನು ಕರೆತರುತ್ತಾರೆ. ಉಳಿದ ನಾಲ್ವರು ನೆಮ್ಮದಿಯಾಗಿ ಪಾಠ ಮುಗಿಸಿ ಬರುತ್ತಾರೆ. ಗುರುವಾರ ಕ್ಸಾವೆರಿಯದು.

ಸೆಪ್ಟೆಂಬರಿನಲ್ಲಿ ಯಾಗೊಡಾ ಕೇಳಿದ್ದಳು, “ನೀನೂ ಪಾಳಿಗೆ ಸೇರ್ಕೊಳೋ. ಒಂದು ದಿನ ನೀನು ಮಾಡಿದ್ರೆ ಅವ್ರಿಗೂ ಉಸಿರಾಡೋಕಾಗತ್ತೆ.”

“ಊರವರ ಮಕ್ಕಳ ಮೂಗು ಒರೆಸೋಕೆ ನಾನೇನು ಆಯಾನಾ?” ಅಂದಿದ್ದೆ. ಅವಳು ಮತ್ತೆ ಕೇಳಲಿಲ್ಲ.

ನವೆಂಬರಿನ ಎರಡನೇ ಭಾನುವಾರ ನಾನು ಹೋದಾಗ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಯಾಗೊಡಾ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಅವಳ ಎರಡೂ ಕೈ ಚೀಲದೊಳಗೆ. ಎದುರಿಗೆ ಕೂತ ಕ್ಸಾವೆರಿಯ ಒಂದು ಕೈಯೂ ಅದೇ ಚೀಲದೊಳಗೆ.

“ಅವಸರ ಬೇಡ, ಅಂಚು ಮುಟ್ಟಿ ನೋಡು,” ಅನ್ನುತ್ತಿದ್ದ. “ಎಡಗಾಲೋ ಬಲಗಾಲೋ?”

“ಎಡ... ಹಿಂಗಾಲು. ಕುದುರೆ.”

“ಶಭಾಷ್.”

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. ಆ ನಗು ನನಗೆ ಗೊತ್ತು. ನಾವಿಬ್ಬರೂ ಹದಿನೇಳರಲ್ಲಿದ್ದಾಗ ಟ್ರಾಲಿಬಸ್ಸಿನ ಹಿಂದಿನ ಸೀಟಿನಲ್ಲಿ ಕಿವಿಗೆ ಏನಾದರೂ ಹೇಳಿದರೆ ಹಾಗೆ ನಗುತ್ತಿದ್ದಳು. ಬಾಗಿಲನ್ನು ಪೂರ್ತಿ ತಳ್ಳಿದೆ.

ಕೊಸ್ತೆಕ್ ಕೈಯಲ್ಲೊಂದು ಹಸುವಿನ ಮೂಳೆ ಹಿಡಿದು ನೆಲದ ಮೇಲೆ ಕಾರು ಓಡಿಸುವಂತೆ ಓಡಿಸುತ್ತಿದ್ದ. ನನ್ನನ್ನು ಕಂಡು ಓಡಿ ಬರುತ್ತ ಎಡವಿ ಬಿದ್ದ. ಬಿದ್ದು ಅತ್ತ. ಅಳುತ್ತ ಕರೆದದ್ದು ಕ್ಸಾವೆರಿಯನ್ನು, “ಸಾವೆ! ಸಾವೆ!” ಅಂತ. ನಾನು ಎರಡೇ ಹೆಜ್ಜೆ ದೂರದಲ್ಲಿದ್ದೆ.

“ಗುರುವಾರ ಪರೀಕ್ಷೆ ಕಣೋ,” ಅಂದಳು ಯಾಗೊಡಾ. “ನಾಲ್ಕು ಗಂಟೆಗೆ. ಇದೇ ಕೊನೆ ಸಲ, ಇದು ಹೋದ್ರೆ ವರ್ಷ ಹೋಯ್ತು, ಕೋಣೆನೂ ಹೋಯ್ತು.”

“ಗುರುವಾರ ಮಗೂನ ಯಾರು ಕರ್ಕೊಂಡ್ ಬರ್ತಾರೆ?”

“ಕ್ಸಾವೆರಿ. ಯಾಕೆ?”

“ಏನಿಲ್ಲ.”

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ ಕಮ್ಮಿಯಿತ್ತು. ಅವತ್ತು ಪಾಳಿಯವಳಿಗೆ ಹೇಳಿ ಕೊಸ್ತೆಕ್‌ನನ್ನು ನಾನೇ ಕರೆದೊಯ್ಯುತ್ತೇನೆಂದು ಶಿಶುವಿಹಾರಕ್ಕೆ ಹೋದೆ. ಮಧ್ಯಾಹ್ನದ ಹೊತ್ತು ಅಲ್ಲಿ ಹಲೀನಾ ಚಿಕ್ಕಮ್ಮ ಇರುತ್ತಾಳೆ. ಮಕ್ಕಳು ಹಾಗೆ ಕರೆಯುತ್ತವೆ, ಅವನ್ನು ಕೇಳಿ ಕೇಳಿ ನಾವೂ ಹಾಗೇ ಕರೆಯುತ್ತೇವೆ. ಅವಳ ಹತ್ತಿರ ಒಂದು ಹಸಿರು ಕಡತ. ಮಗುವಿಗೊಂದು ಹಾಳೆ, ಹಾಳೆಯಲ್ಲಿ ಆ ಮಗುವನ್ನು ಯಾರ ಕೈಗೆ ಕೊಡಬಹುದು ಅನ್ನುವ ಹೆಸರುಗಳು. ಹಾಳೆಯಲ್ಲಿ ಇಲ್ಲದವರು ಸ್ವಂತ ಅಜ್ಜಿಯಾದರೂ ಬರಿಗೈಯಲ್ಲಿ ವಾಪಸ್.

ಸಹಿ ಹಾಕಲು ಕೊಸ್ತೆಕ್‌ನ ಹಾಳೆ ಮುಂದಿಟ್ಟಳು. ತಾಯಿ, ಯಾಗೊಡಾ. ತಂದೆ, ನಾನು. ಕೆಳಗೆ ನಾಲ್ಕು ಹೆಸರು. ಮಹಡಿಯ ಮೂವರು ಹೆಂಗಸರದು, ಇನ್ನೊಂದು ಕ್ಸಾವೆರಿಯದು. ಎಲ್ಲದಕ್ಕೂ ಮೊದಲು ಅವನದೇ.

“ಈ ಹೆಸರು ತೆಗೀಬೇಕಂದ್ರೆ?” ಅಂದೆ.

ಹಲೀನಾ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದಳು. “ಏನಾದ್ರೂ ಜಗಳ ಆಯ್ತಾ?”

“ತಂದೆಗೆ ಹಕ್ಕಿದೆಯೋ ಇಲ್ವೋ ಅಷ್ಟು ಹೇಳಿ.”

“ಇದೆ. ಅಡ್ಡ ಗೆರೆ ಹೊಡ್ದು, ತಾರೀಖು ಹಾಕಿ, ಸಹಿ ಮಾಡು. ಯಾಗೊಡಾಗೆ ಗೊತ್ತಿದೆಯಾ?”

“ಗೊತ್ತಿದೆ,” ಅಂದೆ.

ಪೆನ್ನು ಹಿಡಿದೆ. ಅವನೊಬ್ಬನ ಹೆಸರನ್ನೇ ಹೊಡೆದರೆ ಹೊಟ್ಟೆಕಿಚ್ಚು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೇ ನಾಲ್ಕನ್ನೂ ಹೊಡೆದೆ. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಒಂದೇ ಗೆರೆ.

“ಹಾಗಾದ್ರೆ ನಾಳೆ ಯಾರು ಬರ್ತಾರೆ?”

“ನಾನೇ. ಮೂರೂಮುಕ್ಕಾಲಿಗೆ ಇಲ್ಲಿರ್ತೀನಿ.”

ಸುಳ್ಳಲ್ಲ. ಬರಲೇಬೇಕು ಅಂತಿದ್ದೆ. ಯಜಮಾನ ಜೆನೆಕ್‌ನ ಹತ್ತಿರ ಮೊದಲೇ ಕೇಳಿಕೊಂಡಿದ್ದೆ, ಮೂರೂಕಾಲಿಗೆ ಬಿಡುತ್ತೇನೆ ಅಂದಿದ್ದ. ಯಾಗೊಡಾ ಪರೀಕ್ಷೆ ಮುಗಿಸಿ ಬಂದಾಗ ನನ್ನ ಮಗ ನನ್ನ ಹೆಗಲ ಮೇಲಿರಬೇಕು, ಆ ಉದ್ದ ಬೆರಳಿನವನು ಬಾಯಿ ಬಿಟ್ಟುಕೊಂಡು ನೋಡಬೇಕು. ಅಷ್ಟೇ ಇತ್ತು ನನ್ನ ಲೆಕ್ಕಾಚಾರ.

ಗುರುವಾರ ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜು ಬೆಳ್ಳಗೆ. ಆ ವರ್ಷ ಮೊದಲ ಸಲ ಮಂಜುಗಟ್ಟಿತ್ತು.

ನಮ್ಮ ಜನ ಹೇಗೆ ಅಂದರೆ, ಅಕ್ಟೋಬರಿನಿಂದಲೇ ರೇಡಿಯೊದಲ್ಲಿ ಬಡಿದುಕೊಳ್ಳುತ್ತಾರೆ, ಮಂಜಿನಲ್ಲಿ ಜಾರದ ಚಳಿಗಾಲದ ಟೈರು ಹಾಕಿಸಿ ಅಂತ. ಯಾರೂ ಹಾಕಿಸುವುದಿಲ್ಲ. ಮೊದಲ ದಿನ ರಸ್ತೆ ಗಾಜಿನಂತಾದಾಗ ಇಡೀ ಲೂಬ್ಲಿನ್ ಒಂದೇ ಸಲ ನಮ್ಮ ಅಂಗಡಿ ಬಾಗಿಲಿಗೆ ಬರುತ್ತದೆ. ನಾನು ಏಳಕ್ಕೆ ಹೋದಾಗಲೇ ಸಾಲು ಪೆಟ್ರೋಲ್ ಬಂಕ್ ದಾಟಿತ್ತು. ಜೆನೆಕ್ ಕೈ ಉಜ್ಜುತ್ತ ನಿಂತಿದ್ದ.

“ನೋಡೋ ಗ್ರಾತ್ಸೆಕ್, ಪುಣ್ಯಾತ್ಮರು ಎಲ್ಲ ಇವತ್ತೇ ಕಣ್ಣು ಬಿಟ್ಟವ್ರೆ.”

“ನಂಗೆ ಮೂರೂಕಾಲಿಗೆ...”

“ಗೊತ್ತು ಗೊತ್ತು, ಮೊದ್ಲು ಜಾಕ್ ಎತ್ತು.”

ಎತ್ತು, ನಟ್ಟು ಬಿಚ್ಚು, ಚಕ್ರ ಇಳಿಸು, ಟೈರ್ ಕಳಚು, ಹೊಸದು ಕೂರಿಸು, ಗಾಳಿ, ಬ್ಯಾಲೆನ್ಸು, ಮತ್ತೆ ನಟ್ಟು. ಊಟ ಇಲ್ಲ. ಕಂಪ್ರೆಸರ್ ಸದ್ದಿಗೆ ಪಕ್ಕದವನು ಬೈದರೂ ಕೇಳಿಸದು. ಫೋನು ಜಾಕೆಟ್ಟಿನಲ್ಲಿ, ಜಾಕೆಟ್ಟು ಹಿಂದಿನ ಬೀರುವಿನಲ್ಲಿ, ಗುರುತಿನ ಚೀಟಿಯೂ ಅದೇ ಬೀರುವಿನ ಹಲಗೆಯ ಮೇಲೆ. ಒಂದು ಸಲ ತಲೆ ಎತ್ತಿ ಗಡಿಯಾರ ನೋಡಿದಾಗ ಮೂರೂ ಹತ್ತು. “ಇದೊಂದು ಕಾರು, ಗರ್ಭಿಣಿ ಹೆಂಗಸು ಕಣೋ, ಕಳಿಸಿಬಿಡು,” ಅಂದ ಜೆನೆಕ್. ಅದರ ಒಂದು ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ಬಡಿದೆ, ಬಾಯಿಗೆ ಬಂದಂತೆ ಬೈದೆ. ಬಿಟ್ಟಿತು. ಮುಂದೆ ಇನ್ನೊಬ್ಬ ಆಗಲೇ ಕಾರು ಒಳಗೆ ತಂದಿದ್ದ. ಮತ್ತೆ ತಲೆ ಎತ್ತಿದಾಗ ನಾಲ್ಕೂ ಹತ್ತು.

ಬೀರುವಿಗೆ ಓಡಿದೆ. ಹನ್ನೊಂದು ಕರೆ. ಕ್ಸಾವೆರಿಯದು ಆರು, ಶಿಶುವಿಹಾರದ್ದು ಮೂರು, ಯಾಗೊಡಾಳದು ಎರಡು. ಅವಳ ಎರಡೂ ನಾಲ್ಕು ಗಂಟೆಯ ಮೇಲಿನವು.

ಜಾಕೆಟ್ ಎಳೆದುಕೊಂಡು ಓಡಿದೆ, ಜೆನೆಕ್ ಹಿಂದಿನಿಂದ ಏನೋ ಕೂಗುತ್ತಿದ್ದ. ಟ್ರಾಲಿಬಸ್ ಹತ್ತಿದರೆ ಎರಡು ನಿಲ್ದಾಣ ದಾಟಿ ಏರಿನಲ್ಲಿ ನಿಂತುಬಿಟ್ಟಿತು. ಮುಂದೆ ಬೇಸಿಗೆ ಟೈರಿನ ಕಾರುಗಳು ಅಡ್ಡಡ್ಡ ಜಾರಿ ರಸ್ತೆ ಕಟ್ಟಿದ್ದವು. ನಮ್ಮ ಅಂಗಡಿಗೆ ಬಾರದೆ ಉಳಿದ ಪುಣ್ಯಾತ್ಮರು. ಇಳಿದು ಓಡಿದೆ, ಎರಡು ಸಲ ಬಿದ್ದೆ.

ಶಿಶುವಿಹಾರ ಮುಚ್ಚುವುದು ನಾಲ್ಕೂವರೆಗೆ. ನಾನು ಮುಟ್ಟಿದಾಗ ಅದರ ಮೇಲೆ ಐದು ನಿಮಿಷ. ಹೊರಗಿನ ಬೆಂಚಿನ ಮೇಲೆ ಕ್ಸಾವೆರಿ ಕೂತಿದ್ದ. ಅವನ ಕೈಯಲ್ಲಿ ಮಕ್ಕಳನ್ನು ನಡೆಸುವ ಕೆಂಪು ಹಗ್ಗ, ಹಗ್ಗಕ್ಕೆ ಐದು ಬಳೆ, ನಾಲ್ಕು ಬಳೆ ಹಿಡಿದು ನಾಲ್ಕು ಮಕ್ಕಳು ಮೂಗು ಸುರಿಸುತ್ತ ನಿಂತಿದ್ದವು. ಐದನೆಯ ಬಳೆ ನೆಲದ ಮೇಲೆ ಬಿದ್ದಿತ್ತು.

ಬಾಗಿಲೊಳಗೆ ಯಾಗೊಡಾ. ಬಿಳಿ ಕೋಟಿನ ಮೇಲೆಯೇ ಜಾಕೆಟ್ ಹಾಕಿಕೊಂಡು, ದೂರದ ಪರೀಕ್ಷೆಯ ಕಟ್ಟಡದಿಂದ ಆಗಷ್ಟೇ ಓಡಿ ಬಂದಿದ್ದಳು. ಕೊಸ್ತೆಕ್ ಅವಳ ಕೊರಳು ಅವುಚಿಕೊಂಡಿದ್ದ. ಅವಳ ಇನ್ನೊಂದು ಕೈಯಲ್ಲಿ ಆ ಹಾಳೆ, ಅದರ ಮೇಲೆ ಮೂಲೆಯಿಂದ ಮೂಲೆಗೆ ನನ್ನ ಗೆರೆ.

“ಮೂರು ಮೂಳೆ ಹೇಳಿದ್ದೆ,” ಅಂದಳು. “ನಾಲ್ಕನೇದು ಕೈಯಲ್ಲಿತ್ತು. ಫೋನ್ ಬಂತು.”

“ಯಾಗೊಡಾ, ಅಂಗಡೀಲಿ...”

“ಮಾತಾಡ್ಬೇಡ. ಪ್ರೊಫೆಸರ್ ಐದೂವರೆ ತನಕ ಇರ್ತೀನಿ ಅಂದಿದ್ದಾರೆ. ಹಿಡ್ಕೋ ಇವನ್ನ.” ಮಗುವನ್ನು ನನ್ನ ಎದೆಗೆ ಒತ್ತಿ ಮಂಜುಗಟ್ಟಿದ ಕಾಲುದಾರಿಯಲ್ಲಿ ಓಡಿದಳು. ಕೊಸ್ತೆಕ್ ಅವಳ ಕಡೆ ಕೈ ಚಾಚಿ ಅಳತೊಡಗಿದ.

ಹಲೀನಾ ಚಿಕ್ಕಮ್ಮ ಬೀಗದ ಕೈ ಹಿಡಿದು ನಿಂತಿದ್ದಳು. “ಬಾ ಇಲ್ಲಿ. ಹೊಸ ಹಾಳೆ ಬರ್ದು ಹೋಗು. ಹೊಡ್ದೋನು ನೀನು, ಬರೆಯೋನೂ ನೀನೇ.”

“ನಾಳೆ ಬರೀತೀನಿ.”

“ಇವತ್ತೇ. ಬರೆಯೋಕೆ ಮುಂಚೆ ಇದನ್ನೂ ನೋಡು.” ಹಸಿರು ಕಡತದ ಹಾಳೆ ತಿರುಗಿಸಿದಳು. ಕ್ಲಾರಾಳದು. ತಂದೆಯ ಕೆಳಗೆ, ಎಲ್ಲರಿಗಿಂತ ಮೊದಲು: ಗ್ರಾತ್ಸಿಯಾನ್, ಕೊಸ್ತೆಕ್‌ನ ತಂದೆ. ಕ್ಸಾವೆರಿಯ ಓರೆ ಅಕ್ಷರ. ಹಾಳೆ ತಿರುಗಿಸಿದಳು, ಇನ್ನೊಂದು ಮಗು, ಮತ್ತೆ ನನ್ನ ಹೆಸರು. ಇನ್ನೊಂದು. ನಾಲ್ಕರಲ್ಲೂ.

“ಸೆಪ್ಟೆಂಬರಿನಿಂದ ಇದೆ,” ಅಂದಳು. “ಯಾಗೊಡಾ ಎಲ್ಲರನ್ನೂ ಕೇಳಿ ಬರೆಸಿದ್ದು. ಯಾವತ್ತಾದ್ರೂ ಮನಸ್ಸು ಬಂದು ಬಂದಾನು ಅಂತ. ನೀನು ನಿನ್ನ ಮಗನ ಹಾಳೆ ಒಂದೇ ನೋಡ್ದೆ.”

ನನಗೆ ನಾಚಿಕೆ ಆಯಿತು ಅಂದರೆ ಚೆನ್ನಾಗಿ ಕೇಳಿಸುತ್ತದೆ. ಆದದ್ದು ಸಿಟ್ಟು. ಕ್ಸಾವೆರಿ ನನ್ನನ್ನು ಕೇಳದೆ ನನ್ನನ್ನು ನಂಬಿಬಿಟ್ಟಿದ್ದಾನಲ್ಲ, ಆ ದೊಡ್ಡತನವೂ ಅವನದೇ ಆಯಿತಲ್ಲ ಅಂತ. ನಾಲ್ಕು ಹೆಸರು ಬರೆದೆ. ಅವನ ಹೆಸರು ಬರೆಯುವಾಗ ಎಷ್ಟು ಒತ್ತಿದೆನೆಂದರೆ ಕೆಳಗಿನ ಖಾಲಿ ಹಾಳೆಯ ಮೇಲೂ ಅದು ಮೂಡಿತು.

ಹಾಸ್ಟೆಲ್ಲಿನ ತನಕ ಹಗ್ಗ ಹಿಡಿದು ನಡೆದೆವು, ಮುಂದೆ ಅವನು, ಹಿಂದೆ ಕೊಸ್ತೆಕ್‌ನನ್ನು ಎತ್ತಿಕೊಂಡ ನಾನು. ಮೇಜಿನ ಮುದುಕಿ ಕೈ ಚಾಚಿದಳು. ಜೇಬು ತಡಕಿದೆ. ಚೀಟಿ ಅಂಗಡಿಯ ಬೀರುವಿನಲ್ಲಿ.

“ಚೀಟಿ ಇಲ್ಲ, ಪ್ರವೇಶ ಇಲ್ಲ.”

“ಅಜ್ಜಿ, ಮಗು ಕೈಯಲ್ಲಿದೆ!”

“ಮಗು ಹೋಗ್ಲಿ. ಅದು ಇಲ್ಲಿಯದು.”

ಕ್ಸಾವೆರಿ ಮೇಜಿನ ಮೇಲಿದ್ದ ಅತಿಥಿಗಳ ಪುಸ್ತಕ ಎಳೆದುಕೊಂಡು ನನ್ನ ಹೆಸರು ಬರೆದು, ಪಕ್ಕದಲ್ಲಿ ‘ನನ್ನ ಅತಿಥಿ’ ಅಂತ ಬರೆದು ಸಹಿ ಹಾಕಿದ. ನನ್ನ ಹೆಂಡತಿಯಾಗಬೇಕಾದವಳ ಕೋಣೆಗೆ ನಾನು ಅವನ ಅತಿಥಿಯಾಗಿ ಮೆಟ್ಟಿಲು ಹತ್ತಿದೆ.

ಅಡುಗೆಮನೆಯಲ್ಲಿ ಕ್ಸಾವೆರಿ ಹುಳಿ ಸೌತೆಕಾಯಿಯ ಸಾರು ಬಿಸಿಗಿಟ್ಟ. ಕ್ಲಾರಾಳ ಒದ್ದೆ ಚಡ್ಡಿ ಬದಲಿಸಿ ಬಂದ. ಆಮೇಲೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ಆ ಮೆತ್ತಗಿನ ಮಾತು ಅವತ್ತು ಇರಲಿಲ್ಲ.

“ನಾಲ್ಕು ಮಕ್ಕಳು ಮುಕ್ಕಾಲು ಗಂಟೆ ಆ ಚಳೀಲಿ ನಿಂತ್ವು. ನನ್ನ ಮಗಳು ಬಟ್ಟೆ ಒದ್ದೆ ಮಾಡ್ಕೊಂಡ್ಳು. ನಿನ್ನ ಮಗ ಕಿಟಕೀಲಿ ಮುಖ ಒತ್ತಿ ನಿಂತಿದ್ದ, ಅವನೊಬ್ಬನ್ನೇ ಬಿಟ್ಟು ಹೋಗೋಕೆ ನಂಗಾಗ್ಲಿಲ್ಲ. ನಿಂಗೇನು ಕಷ್ಟ ನನ್ನಿಂದ? ಬಾಯಿ ಬಿಟ್ಟು ಹೇಳು.”

“ಆ ಚೀಲದೊಳಗೆ ನಿನ್ನ ಕೈ ಯಾಕೆ ಇತ್ತು?”

ಅವನು ಸೌಟು ಕೆಳಗಿಟ್ಟ. “ಅದು ಕುದುರೆ ಕಾಲಿನ ಮೂಳೆ ಮಾರಾಯ!”

“ಮೂಳೆ ಅಂತ ಗೊತ್ತು.”

“ಹಾಗಿದ್ರೆ ನಾಳೆಯಿಂದ ನೀನೇ ಕೂತ್ಕೊಂಡು ಕೊಡು. ಹೆಸರು ಮೂಳೆ ಮೇಲೇ ಬರ್ದಿರತ್ತೆ. ಓದೋಕ್ಕಂತೂ ಬರತ್ತಲ್ಲ?”

ನನ್ನ ಮುಷ್ಟಿ ಬಿಗಿಯಿತು. ಐದು ಮಕ್ಕಳು ಚಮಚ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದವು. ಕೂತೆ.

ಆರು ಗಂಟೆಗೆ ಯಾಗೊಡಾ ಬಂದಳು. ಯಾರೂ ಕೇಳುವ ಮೊದಲೇ ಅವಳೇ ಮೂರು ಬೆರಳು ಎತ್ತಿ ತೋರಿಸಿದಳು. ಮೂರು ಅಂದರೆ ಪಾಸು, ಬರೀ ಪಾಸು. “ಓಡಿ ಹೋಗಿ ಕೈ ಮರಗಟ್ಟಿತ್ತು. ನಾಲ್ಕನೇ ಮೂಳೆ ಮುಟ್ಟಿದ್ರೂ ಗೊತ್ತಾಗ್ಲಿಲ್ಲ. ಭಾನುವಾರ ಇದೇ ಮೂಳೆ ಕಣ್ಣು ಮುಚ್ಕೊಂಡು ಹೇಳಿದ್ದೆ.”

“ಅನಾಟಮಿ ಮುಗೀತಲ್ಲ,” ಅಂದೆ. ಯಾವಾಗ ಏನು ಹೇಳಬೇಕು ಅನ್ನುವುದು ನನಗೆ ಯಾವತ್ತೂ ತಿಳಿದಿಲ್ಲ.

ಅವಳು ಫ್ರಿಜ್ಜಿನ ಹತ್ತಿರ ಹೋಗಿ ಪಟ್ಟಿಯಲ್ಲಿ ಗುರುವಾರದ ಎದುರು ಇದ್ದ ಹೆಸರು ಹೊಡೆದು ನನ್ನದು ಬರೆದಳು. “ಮುಂದಿನ ಗುರುವಾರ ನೀನು ಐದೂ ಮಕ್ಕಳನ್ನ ಕರ್ಕೊಂಡು ಬಾ. ಅದರ ಮುಂದಿನ ಗುರುವಾರನೂ. ಕಾಗದದ ಮಾತು ಆಮೇಲೆ ಆಡೋಣ. ಬರೋಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಆವಾಗ ಕಾಗದದ ಮಾತೂ ಬೇಡ.”

ಬರುತ್ತೇನೆ ಅಂದೆ. ಜೆನೆಕ್‌ಗೆ ಹೇಳಿದೆ, ಗುರುವಾರ ಮೂರು ಗಂಟೆಗೆ ನಾನು ಹೊರಡುವವನೇ, ರಾಷ್ಟ್ರಪತಿಯ ಕಾರು ಜಾಕಿನ ಮೇಲಿದ್ದರೂ ಹೊರಡುವವನೇ. ಅವನು ಉಗುಳಿದ, ಒಪ್ಪಿದ.

ಆ ಗುರುವಾರ ಮೂರೂಮುಕ್ಕಾಲಿಗೆ ಹಲೀನಾ ಚಿಕ್ಕಮ್ಮ ಐದು ಮಕ್ಕಳನ್ನು ಟೋಪಿ ಹಾಕಿ ತಂದು ನಿಲ್ಲಿಸಿದಳು. ಐದು ಹಾಳೆಗೆ ಐದು ಸಹಿ. ಹಗ್ಗ ಹಿಡಿದೆ. ಕೊಸ್ತೆಕ್ ನನ್ನ ಹಿಂದೆ ಮುಂದೆ ನೋಡಿದ.

“ಸಾವೆ ಎಲ್ಲಿ?”

“ಸಾವೆ ಇಲ್ಲ. ಅಪ್ಪ ಇದಾನೆ.”

ಅವನು ತುಟಿ ಮುಂದೆ ಮಾಡಿಕೊಂಡು ಕೊನೆಯ ಬಳೆ ಹಿಡಿದ. ಹಿಡಿದ ಅಷ್ಟೇ. ದಾರಿ ಉದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ಅರ್ಧ ದಾರಿಯಲ್ಲಿ ಕ್ಲಾರಾ ಬಳೆ ಬಿಟ್ಟು ನಿಂತಳು. “ಮೇಲೆ,” ಅಂದಳು.

“ನಡೀಬೇಕು ಕಣಮ್ಮ. ನಿಮ್ಮಪ್ಪ ಎತ್ಕೋತಾನಾ?”

“ಅಪ್ಪಂಗೆ ಬೆನ್ನು ನೋವು. ನೀನು ಮೇಲೆ.”

ಎತ್ತಿ ಹೆಗಲ ಮೇಲೆ ಕೂರಿಸಿದೆ. ದಿನಕ್ಕೆ ನೂರು ಚಕ್ರ ಎತ್ತುವವನಿಗೆ ಅವಳೇನು ಭಾರ. ಎರಡು ಹೆಜ್ಜೆ ಕುದುರೆಯ ಹಾಗೆ ಕುಣಿದೆ. ಅವಳು ನನ್ನ ಕೂದಲು ಹಿಡಿದು ಕಿರುಚಿ ನಕ್ಕಳು. ಇನ್ನೂ, ಇನ್ನೂ ಅಂದಳು. ಹಾಸ್ಟೆಲ್ಲಿನ ಬಾಗಿಲಿನ ತನಕ ಕುಣಿದೆ, ಹಿಂದೆ ಹಗ್ಗ ಹಿಡಿದ ನಾಲ್ಕೂ ಕುಣಿದವು.

ಪಾಠ ಬೇಗ ಮುಗಿಯಿತೋ ಏನೋ, ಕ್ಸಾವೆರಿ ಮೆಟ್ಟಿಲ ಮೇಲೆ ನಿಂತಿದ್ದ. “ಕ್ಲಾರಾ, ಬಾ ಪುಟ್ಟಿ,” ಅಂತ ಎರಡೂ ಕೈ ಚಾಚಿದ.

“ಬರಲ್ಲ!” ಅಂದಳು ಅವಳು, ನನ್ನ ಹಣೆ ಗಟ್ಟಿಯಾಗಿ ಹಿಡಿದುಕೊಂಡು.

ಅವನು ನಕ್ಕ. ಆದರೆ ಕೈ ಇಳಿಸುವುದಕ್ಕೆ ತುಸು ಹೊತ್ತು ಹಿಡಿಯಿತು, ಕಣ್ಣು ನನ್ನ ಹೆಗಲ ಮೇಲೇ ನಿಂತಿತ್ತು. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷದಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

ಅವಳನ್ನು ಕೂಡಲೇ ಇಳಿಸಬಹುದಿತ್ತು. ಇಳಿಸಲಿಲ್ಲ. ಮೇಜಿನ ಮುದುಕಿಗೆ ಚೀಟಿ ಕೊಟ್ಟು, ಮೂರನೇ ಮಹಡಿಯ ತನಕ ಹೊತ್ತುಕೊಂಡೇ ಹತ್ತಿದೆ.